ಮಕ್ಕಳಲ್ಲಿ ಸ್ಥೂಲಕಾಯ ತಡೆಗಟ್ಟುವಿಕೆ: ಊಟದ ಅಳತೆ ಮತ್ತು ಅಂಗನವಾಡಿ, ಶಾಲೆಗಳಲ್ಲಿ ದೊರೆಯುವ ಸೇವೆಗಳು

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಪೋಷಕರ ಮಾಹಿತಿಗಾಗಿ)

ಮಗುವಿನ ತೂಕವು ಅದರ ವಯಸ್ಸು ಹಾಗೂ ಎತ್ತರಕ್ಕೆ ತಕ್ಕುದಕ್ಕಿಂತ ಬಹಳ ಹೆಚ್ಚಾಗಿ, ದೇಹದಲ್ಲಿ ಸಂಗ್ರಹವಾದ ಕೊಬ್ಬು ಆರೋಗ್ಯಕ್ಕೆ ಬಾಧಕವಾಗುವ ಸ್ಥಿತಿಯನ್ನು ಸ್ಥೂಲಕಾಯ ಎನ್ನಲಾಗುತ್ತದೆ. ಆಡುಮಾತಿನಲ್ಲಿ ಇದೇ ಬೊಜ್ಜು. ಇದು ನಗರದ ಶ್ರೀಮಂತರ ಮನೆಯ ತೊಂದರೆ, ಬಯಲುಸೀಮೆಯ ಹಳ್ಳಿಗಳಿಗೆ ಇದರ ಸಂಬಂಧವಿಲ್ಲ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡಿರುವ ಈ ಜಿಲ್ಲೆಯ ಹಿರಿಯರಿಗೆ ದುಂಡುದುಂಡಾದ ಮಗುವೆಂದರೆ ಮನೆಯಲ್ಲಿ ಉಣ್ಣಲು ಕೊರತೆಯಿಲ್ಲ ಎಂಬುದರ ಗುರುತು. ಆ ಭಾವನೆಯನ್ನು ತಪ್ಪೆನ್ನಲಾಗದು. ಆದರೆ ತೂಕದ ಬಗ್ಗೆ ಕಣ್ಣಂದಾಜು ಈಗ ಸಾಲದಾಗಿದೆ.

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಮತ್ತು ಶೇ. 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಅದೇ ಸಮೀಕ್ಷೆಯಲ್ಲಿ ಅಧಿಕ ತೂಕದ ಮಕ್ಕಳು ಶೇ. 3.2. ಸಂಖ್ಯೆ ಚಿಕ್ಕದೇ ಆದರೂ 2015-16ರ ಸಮೀಕ್ಷೆಯಲ್ಲಿ ಅದು ಶೇ. 2.6 ಇತ್ತು, ದೇಶದ ಮಟ್ಟದಲ್ಲಿ ಇದೇ ಅವಧಿಯಲ್ಲಿ ಶೇ. 2.1ರಿಂದ 3.4ಕ್ಕೆ ಏರಿದೆ. ಹೀಗೆ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಕಡಿಮೆ ತೂಕದ ಮಗುವೂ ಅಧಿಕ ತೂಕದ ಮಗುವೂ ಇರುವ ಪರಿಸ್ಥಿತಿ ಉಂಟಾಗಿದೆ. ಆದುದರಿಂದ ಈ ಪುಟದಲ್ಲಿ ನೀಡಿರುವ ಅಳತೆಗಳನ್ನು ಅನುಸರಿಸುವ ಮೊದಲು ಮಗುವಿನ ತೂಕ ಮತ್ತು ಎತ್ತರವನ್ನು ಅಳೆಯಿಸಿಕೊಳ್ಳುವುದು ಅವಶ್ಯ. ಕಡಿಮೆ ತೂಕದ ಮಗುವಿಗೆ ಇವು ಅನ್ವಯಿಸುವುದಿಲ್ಲ. ಆ ಮಗುವಿಗೆ ಹೆಚ್ಚು ಆಹಾರವೇ ಬೇಕು.

ಮಗುವಿನ ತೂಕ ಹೆಚ್ಚಿದೆಯೇ ಎಂದು ತಿಳಿಯುವುದು ಹೇಗೆ

ಆರು ವರ್ಷದೊಳಗಿನ ಮಕ್ಕಳ ತೂಕ ಮತ್ತು ಎತ್ತರವನ್ನು ಪ್ರತಿ ತಿಂಗಳು ಅಂಗನವಾಡಿ ಕೇಂದ್ರದಲ್ಲಿ ಉಚಿತವಾಗಿ ಅಳೆಯಲಾಗುತ್ತದೆ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆ ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದ ಭಾಗಗಳಿದ್ದು, ಗುರುತು ಹಸಿರಿನಲ್ಲಿ ಬಿದ್ದರೆ ಪೋಷಕರು ನಿಶ್ಚಿಂತರಾಗುವುದು ಸಾಮಾನ್ಯ. ಆದರೆ ಈ ನಕ್ಷೆಯು ವಯಸ್ಸಿಗೆ ತಕ್ಕ ತೂಕವನ್ನು ಮಾತ್ರ ತೋರಿಸುತ್ತದೆ. ಎತ್ತರದಲ್ಲಿ ಹಿಂದುಳಿದ ಮಗುವೊಂದು ತನ್ನ ಗಿಡ್ಡ ದೇಹಕ್ಕೆ ಹೆಚ್ಚೆನಿಸುವ ತೂಕ ಹೊಂದಿದ್ದರೂ ಹಸಿರು ಭಾಗದಲ್ಲಿಯೇ ಉಳಿಯಬಹುದು. ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಎತ್ತರದಲ್ಲಿ ಹಿಂದುಳಿದಿರುವಾಗ ಈ ಅಂಶ ಮುಖ್ಯವಾಗುತ್ತದೆ. ಆದ್ದರಿಂದ ಪೋಷಕರು ಅಂಗನವಾಡಿ ಕಾರ್ಯಕರ್ತೆಯರಿಂದ 'ಎತ್ತರಕ್ಕೆ ತಕ್ಕ ತೂಕ' ಎಷ್ಟಿದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು. ಈ ವಿವರವು ಪೋಷಣ್ ಟ್ರ್ಯಾಕರ್ ತಂತ್ರಾಂಶದಲ್ಲಿ ಲಭ್ಯವಿರುತ್ತದೆ.

ಶಾಲಾ ವಯಸ್ಸಿನ ಮಕ್ಕಳಿಗೆ ತೂಕವನ್ನು (ಕಿ.ಗ್ರಾಂ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ಬರುವ ಬಿ.ಎಂ.ಐ. ಸಂಖ್ಯೆಯನ್ನು ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಕೋಷ್ಟಕದೊಂದಿಗೆ ಹೋಲಿಸಲಾಗುತ್ತದೆ. ದೊಡ್ಡವರ ಕೋಷ್ಟಕವನ್ನು ಮಕ್ಕಳಿಗೆ ಬಳಸಬಾರದು. ಉದಾಹರಣೆಗೆ, ಎಂಟು ವರ್ಷದ ಬಾಲಕನ ಎತ್ತರ 125 ಸೆಂ.ಮೀ., ತೂಕ 30 ಕಿ.ಗ್ರಾಂ ಇದ್ದರೆ ಬಿ.ಎಂ.ಐ. 19.2 ಆಗುತ್ತದೆ. ದೊಡ್ಡವರಲ್ಲಿ ಇದು ಆರೋಗ್ಯಕರ ಸಂಖ್ಯೆ. ಎಂಟು ವರ್ಷದ ಬಾಲಕನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಂತೆ ಇದು ಅಧಿಕ ತೂಕ.

ಶಾಲೆಯ ಊಟವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು

ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭಗೊಂಡು ತದನಂತರ ಉಳಿದ ಜಿಲ್ಲೆಗಳಿಗೂ ವಿಸ್ತರಣೆಯಾಯಿತು. 2021ರಿಂದ ಇದರ ಕೇಂದ್ರ ಯೋಜನೆಗೆ ಪಿ.ಎಂ. ಪೋಷಣ್ ಎಂಬ ಹೆಸರಿದೆ. ಮಧ್ಯಾಹ್ನದ ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ನಿಗದಿಯಾಗಿದ್ದು, ಇದರಿಂದ 450 ಕಿಲೋ ಕ್ಯಾಲರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನ್ ದೊರೆಯಬೇಕು. ಆರರಿಂದ ಎಂಟನೇ ತರಗತಿಗೆ ಧಾನ್ಯ 150 ಗ್ರಾಂ, ಬೇಳೆ 30 ಗ್ರಾಂ, ತರಕಾರಿ 75 ಗ್ರಾಂ, ಎಣ್ಣೆ 7.5 ಗ್ರಾಂ, ಶಕ್ತಿ 700 ಕಿಲೋ ಕ್ಯಾಲರಿ, ಪ್ರೋಟೀನ್ 20 ಗ್ರಾಂ. ಇವೆಲ್ಲ ಬೇಯಿಸುವ ಮುಂಚಿನ ತೂಕಗಳು. 100 ಗ್ರಾಂ ಅಕ್ಕಿ ಅನ್ನವಾದಾಗ ಸುಮಾರು ಎರಡೂವರೆ ಪಟ್ಟು ತೂಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಮಾದರಿ ಆಹಾರದಲ್ಲಿ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 120 ಗ್ರಾಂ, 7ರಿಂದ 9 ವರ್ಷದ ಮಗುವಿಗೆ 180 ಗ್ರಾಂ, 10ರಿಂದ 12 ವರ್ಷದ ಬಾಲಕಿಗೆ 240 ಗ್ರಾಂ ಮತ್ತು ಬಾಲಕನಿಗೆ 300 ಗ್ರಾಂ ಧಾನ್ಯವನ್ನು ಸೂಚಿಸಲಾಗಿದೆ. ಈ ಎರಡು ಲೆಕ್ಕಗಳನ್ನು ಒಟ್ಟಿಗಿಟ್ಟು ನೋಡಬೇಕು. ಮೂರನೇ ತರಗತಿಯ, ಎಂಟು ವರ್ಷದ ಮಗು ದಿನದ 180 ಗ್ರಾಂ ಧಾನ್ಯದಲ್ಲಿ 100 ಗ್ರಾಂ ಅನ್ನು ಶಾಲೆಯಲ್ಲಿಯೇ ಉಂಡಿರುತ್ತದೆ. ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟಕ್ಕೆ ಉಳಿಯುವುದು 80 ಗ್ರಾಂ ಮಾತ್ರ: ಬೆಳಿಗ್ಗೆ ಒಂದು ಚಪಾತಿ ಅಥವಾ ದೋಸೆ, ರಾತ್ರಿ 50 ಗ್ರಾಂ ಹಿಟ್ಟಿನ ಚಿಕ್ಕ ಮುದ್ದೆ.

ಅನೇಕ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಸಂಜೆ ಶಾಲೆಯಿಂದ ಬಂದ ಮಗುವಿಗೆ "ಅಲ್ಲಿ ಏನು ಉಂಡೆಯೋ ಏನೋ" ಎಂದು ಮತ್ತೊಂದು ಪೂರ್ಣ ಊಟವನ್ನೇ ಬಡಿಸಲಾಗುತ್ತದೆ; ಕತ್ತಲಾದ ಮೇಲೆ ಮನೆಯವರೊಂದಿಗೆ ಮೂರನೇ ಊಟ. ದಿನವೂ ಹೀಗೆ ಸೇರುವ ಹೆಚ್ಚುವರಿ ತಟ್ಟೆಯೇ ವರ್ಷದ ಕೊನೆಯಲ್ಲಿ ತೂಕವಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದರೆ ಮಗುವಿಗೆ ಶಾಲೆಯ ಊಟವನ್ನು ಬಿಡಿಸುವುದಲ್ಲ. ಬೇಳೆ, ತರಕಾರಿ ಸೇರಿದ, ಅಳತೆಯುಳ್ಳ ಊಟ ಅದು. ಅದನ್ನು ಉಳಿಸಿಕೊಂಡು ಸಂಜೆಯದನ್ನು ತಿಂಡಿಯ ಮಟ್ಟಕ್ಕೆ ಇಳಿಸುವುದು ಸೂಕ್ತ. ಒಂದು ಬಾಳೆಹಣ್ಣು ಅಥವಾ ಸೀಬೆಹಣ್ಣು, ಇಲ್ಲವೇ ಮಗುವಿನ ಹಿಡಿಯಷ್ಟು ಬೇಯಿಸಿದ ಶೇಂಗಾ, ಜೊತೆಗೆ ಮಜ್ಜಿಗೆ ಸಾಕಾಗುತ್ತದೆ. ಶಾಲೆಯಲ್ಲಿ ಕ್ಷೀರಭಾಗ್ಯ ಯೋಜನೆಯಡಿ 2013ರ ಆಗಸ್ಟ್‌ನಿಂದ ನೀಡಲಾಗುತ್ತಿರುವ ಹಾಲು ಮತ್ತು ನಂತರದ ವರ್ಷಗಳಲ್ಲಿ ಸೇರ್ಪಡೆಯಾದ ಮೊಟ್ಟೆ ಅಥವಾ ಬಾಳೆಹಣ್ಣನ್ನೂ ಮಗುವಿಗೆ ತಪ್ಪಿಸಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದು ಶಕ್ತಿ 70 ಕಿಲೋ ಕ್ಯಾಲರಿಯಷ್ಟೇ. ಬೊಜ್ಜಿಗೆ ಮೊಟ್ಟೆಯನ್ನು ದೂರುವುದು ಸರಿಯಲ್ಲ.

ಬಿಸಿಯೂಟದ ಸೌಲಭ್ಯವಿಲ್ಲದ ಶಾಲೆಗಳ ಮಕ್ಕಳಿಗೆ ಊಟದ ಡಬ್ಬಿಯೇ ಅಳತೆ. ಡಬ್ಬಿಯಲ್ಲಿ ಚಿತ್ರಾನ್ನ ಅಥವಾ ಪುಳಿಯೋಗರೆಯೊಂದನ್ನೇ ತುಂಬುವ ಬದಲು ಅರ್ಧ ಭಾಗ ಪಲ್ಯ, ಕೋಸಂಬರಿ ಅಥವಾ ಹಣ್ಣು ಇರುವಂತೆ ನೋಡಿಕೊಳ್ಳುವುದು.

ಮನೆಯ ತಟ್ಟೆ

ಈ ನಾಲ್ಕು ತಾಲ್ಲೂಕುಗಳ ಅಡುಗೆಯಲ್ಲಿ ಮಕ್ಕಳಿಗೆ ಬೇಕಾದುದು ಬಹುಮಟ್ಟಿಗೆ ಈಗಾಗಲೇ ಇದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ, ಅಲಸಂದೆ ಕಾಳಿನ ಸಾರು, ನುಗ್ಗೆ ಸೊಪ್ಪಿನ ಪಲ್ಯ, ಹೊಸದುರ್ಗ ಭಾಗದ ಸಾಮೆ ಅನ್ನ, ಎಲ್ಲೆಡೆ ಬೆಳೆಯುವ ಶೇಂಗಾ, ಈರುಳ್ಳಿ. ರಾಗಿಯಲ್ಲಿ ಪ್ರತಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ಈ ವಿಷಯದಲ್ಲಿ ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಶಕ್ತಿಯ ಅಂಶದಲ್ಲಿ ರಾಗಿಯೂ ಅಕ್ಕಿಯೂ ಹೆಚ್ಚು ಭಿನ್ನವಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೋ ಕ್ಯಾಲರಿ ಇರುತ್ತದೆ. ಸಿರಿಧಾನ್ಯವೆಂದ ಮಾತ್ರಕ್ಕೆ ಎಷ್ಟು ತಿಂದರೂ ತೂಕ ಏರದು ಎಂಬ ತಿಳಿವಳಿಕೆ ಈಚೆಗೆ ಹರಡಿದ್ದು, ಅದಕ್ಕೆ ಆಧಾರವಿಲ್ಲ.

ಹೊಲದಲ್ಲಿ ದುಡಿಯುವ ತಂದೆಯ ಮುದ್ದೆ ಮಗುವಿನ ಮುದ್ದೆಯಲ್ಲ. ಮಗುವಿನ ಮುದ್ದೆಯು ಆ ಮಗುವಿನದೇ ಮುಚ್ಚಿದ ಮುಷ್ಟಿಯ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಕೈ ಬೆಳೆದಂತೆ ಮುದ್ದೆಯೂ ಬೆಳೆಯುತ್ತದೆ. ತಕ್ಕಡಿಯಿಲ್ಲದ ಮನೆಗೆ ಇದಕ್ಕಿಂತ ಸುಲಭದ ಅಳತೆ ಬೇರಿಲ್ಲ. ಪಲ್ಯ, ಸೊಪ್ಪು ಮಗುವಿನ ಎರಡು ಬೊಗಸೆಯಷ್ಟು, ಗಟ್ಟಿ ಕಾಳು ಅಥವಾ ಬೇಳೆ ಒಂದು ಹಿಡಿಯಷ್ಟು, ಮಾಂಸ ಮಾಡಿದ ದಿನ ಮಗುವಿನ ಅಂಗೈಯಗಲದ ತುಂಡು. ಸಾರಿನ ವಿಷಯದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಕ್ಕಳಿಗೆ ಖಾರವೆಂದು ಮೇಲಿನ ತಿಳಿಯನ್ನು ಮಾತ್ರ ಬಡಿಸುವ ರೂಢಿಯಿಂದ ಮಗುವಿಗೆ ಮುದ್ದೆ, ಅನ್ನ ಸಿಗುತ್ತದೆಯೇ ಹೊರತು ಕಾಳು ಸಿಗುವುದಿಲ್ಲ. ಪ್ರೋಟೀನ್ ಕಡಿಮೆಯಾದ ಊಟ ಬೇಗ ಹಸಿವು ತರಿಸುತ್ತದೆ, ಆ ಹಸಿವಿಗೆ ಅಂಗಡಿಯ ಪೊಟ್ಟಣ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಗಳು 2024ರಲ್ಲಿ ಹೊರತಂದ ಪರಿಷ್ಕೃತ ಮಾರ್ಗಸೂಚಿಯು ದಿನದ ಶಕ್ತಿಯಲ್ಲಿ ಏಕದಳ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದೆಂದು ಹೇಳಿರುವುದು ಇದೇ ಕಾರಣಕ್ಕೆ: ಅನ್ನ, ಮುದ್ದೆಗಳ ಜಾಗದಲ್ಲಿ ಸ್ವಲ್ಪವನ್ನು ಕಾಳಿಗೂ ತರಕಾರಿಗೂ ಬಿಟ್ಟುಕೊಡಬೇಕು.

ಶೇಂಗಾ ಪೌಷ್ಟಿಕವಾದರೂ 100 ಗ್ರಾಂನಲ್ಲಿ 500 ಕಿಲೋ ಕ್ಯಾಲರಿಗೂ ಹೆಚ್ಚು ಶಕ್ತಿಯಿದೆ. ಹಿಡಿಯಷ್ಟು ತಿಂದರೆ ಆಹಾರ, ಮೊರದಿಂದ ತಿಂದರೆ ಲೆಕ್ಕವೇ ತಪ್ಪುತ್ತದೆ. ಹೊಳಲ್ಕೆರೆ, ಹಿರಿಯೂರು ಭಾಗದ ಮನೆಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಕೊಬ್ಬರಿಗೂ ಇದೇ ಮಾತು ಅನ್ವಯ. ಒಗ್ಗರಣೆ ಮಂಡಕ್ಕಿ ಹಗುರವಾದ ತಿಂಡಿ. ಅದರ ಜೊತೆ ಬರುವ ಮೆಣಸಿನಕಾಯಿ ಬಜ್ಜಿ ಹಾಗಲ್ಲ. ಮಗುವಿಗೆ ಮಂಡಕ್ಕಿ ದಿನವೂ ಆಗಬಹುದು, ಬಜ್ಜಿ ಅಪರೂಪಕ್ಕೆ. 5 ಗ್ರಾಂ ಎಣ್ಣೆಯಲ್ಲಿ 45 ಕಿಲೋ ಕ್ಯಾಲರಿ ಇರುತ್ತದೆ ಎಂಬುದು ಬಾಣಲೆಯ ಮುಂದೆ ನಿಂತಾಗ ನೆನಪಿರಬೇಕಾದ ಸಂಖ್ಯೆ.

ತಟ್ಟೆಯನ್ನು ಖಾಲಿ ಮಾಡಲೇಬೇಕೆಂದು ಮಗುವನ್ನು ಒತ್ತಾಯಿಸುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಅನ್ನ ಚೆಲ್ಲಬಾರದೆಂಬುದು ಸರಿಯಾದ ಸಂಸ್ಕಾರವೇ. ಆದುದರಿಂದ ಮೊದಲೇ ಕಡಿಮೆ ಬಡಿಸಿ, ಬೇಕೆಂದರೆ ಮತ್ತೆ ಬಡಿಸುವುದು ಎರಡಕ್ಕೂ ಹೊಂದುವ ಮಾರ್ಗ. ಏನನ್ನು, ಯಾವ ಹೊತ್ತಿಗೆ ಬಡಿಸಬೇಕೆಂಬುದು ದೊಡ್ಡವರ ತೀರ್ಮಾನ. ಎಷ್ಟು ಉಣ್ಣಬೇಕೆಂಬುದನ್ನು ಮಗುವಿನ ಹಸಿವಿಗೆ ಬಿಡಬೇಕು. ದೂರದರ್ಶನ ಅಥವಾ ಮೊಬೈಲ್ ತೋರಿಸುತ್ತ ಉಣಿಸಿದಾಗ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ.

ಸಕ್ಕರೆ ಮತ್ತು ಪೊಟ್ಟಣದ ತಿಂಡಿಗಳು

ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ಹೊರಗಿನಿಂದ ಸೇರಿಸಿದ ಸಕ್ಕರೆ, ಬೆಲ್ಲ, ಜೇನು ಮುಂತಾದವುಗಳಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಉತ್ತಮ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕಿಲೋ ಕ್ಯಾಲರಿ ಬೇಕೆಂದು ಇಟ್ಟುಕೊಂಡರೆ ಶೇ. 5 ಎಂದರೆ 21 ಗ್ರಾಂ, ಅಂದರೆ ನಾಲ್ಕು ಚಹಾ ಚಮಚದಷ್ಟು ಸಕ್ಕರೆ. ಎರಡು ಚಮಚ ಸಕ್ಕರೆ ಹಾಕಿದ ಟೀಯನ್ನು ಬೆಳಿಗ್ಗೆ, ಸಂಜೆ ಕುಡಿಯುವ ಮಗು ಬೇರೇನೂ ತಿನ್ನದೆಯೇ ಈ ಮಿತಿಯನ್ನು ಮುಟ್ಟಿರುತ್ತದೆ. ತಂಪು ಪಾನೀಯಗಳಲ್ಲಿ ಸಾಮಾನ್ಯವಾಗಿ ಪ್ರತಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆಯಿದ್ದು, 250 ಮಿ.ಲೀ. ಬಾಟಲಿಯೊಂದರಲ್ಲಿ 25 ಗ್ರಾಂಗೂ ಮೇಲ್ಪಟ್ಟು ಆಗುತ್ತದೆ. ಟೀಗೆ ಅದ್ದಿಕೊಡುವ ಬಿಸ್ಕತ್ತಿನ ಲೆಕ್ಕ ಇದರಲ್ಲಿ ಸೇರಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಸೇರಿಸುವ ಅಗತ್ಯವೇ ಇಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು.

ಜಾತ್ರೆಯ ಬೆಂಡು ಬತ್ತಾಸು, ಹಬ್ಬದ ಹೋಳಿಗೆಗಳಿಂದ ಯಾವ ಮಗುವೂ ಸ್ಥೂಲಕಾಯಕ್ಕೆ ಒಳಗಾಗುವುದಿಲ್ಲ. ಅವು ವರ್ಷಕ್ಕೆ ಕೆಲವು ದಿನ ಬರುವಂಥವು. ದಿನವೂ ಐದು, ಹತ್ತು ರೂಪಾಯಿಗೆ ದೊರೆಯುವ ಪೊಟ್ಟಣಗಳೇ ಚಿಂತೆಗೆ ಕಾರಣ. ಅಳುವ ಮಗುವನ್ನು ಸುಮ್ಮನಾಗಿಸಲು ಅವು ಸುಲಭವಾಗಿ ಒದಗುತ್ತವೆ, ಕೂಲಿಗೆ ಹೋಗುವ ತಾಯಂದಿರಿಗೆ ಬೇರೆ ಅನುಕೂಲವೂ ಕಡಿಮೆ. ಮೂರರಿಂದ ಆರು ವರ್ಷದ ಮಕ್ಕಳನ್ನು ಅಂಗನವಾಡಿಗೆ ಕಳುಹಿಸಿದಲ್ಲಿ ಪೂರಕ ಆಹಾರ ದೊರೆಯುವುದರಿಂದ ಈ ಪೊಟ್ಟಣಗಳ ಅವಲಂಬನೆ ತಗ್ಗುತ್ತದೆ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಅನುಸಾರ ಹೆಚ್ಚು ಕೊಬ್ಬು, ಉಪ್ಪು ಅಥವಾ ಸಕ್ಕರೆಯುಳ್ಳ ಆಹಾರ ಪದಾರ್ಥಗಳನ್ನು ಶಾಲೆಯ ಕ್ಯಾಂಟೀನ್, ವಸತಿ ನಿಲಯದ ಅಡುಗೆ ಮನೆ ಹಾಗೂ ಶಾಲಾ ಆವರಣದಿಂದ 50 ಮೀಟರ್ ಒಳಗೆ ಶಾಲಾ ಮಕ್ಕಳಿಗೆ ಮಾರುವಂತಿಲ್ಲ. ಈ ಬಗ್ಗೆ ದೂರುಗಳಿದ್ದಲ್ಲಿ ಮೊದಲು ಶಾಲೆಯ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ, ನಂತರ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಅಥವಾ ಜಿಲ್ಲಾ ಅಂಕಿತ ಅಧಿಕಾರಿಯವರಿಗೆ ಲಿಖಿತವಾಗಿ ಸಲ್ಲಿಸಬಹುದು.

ಮಗುವಿಗೆ ಪಥ್ಯ ಮಾಡಿಸಬಾರದು

ತೂಕ ಹೆಚ್ಚಿದೆ ಎಂದು ತಿಳಿದೊಡನೆ ಮಗುವಿನ ಊಟ ಕಡಿತಗೊಳಿಸುವುದು, ಒಂದು ಹೊತ್ತು ಉಪವಾಸ ಕೆಡವುದು, ದೊಡ್ಡವರ ತೂಕ ಇಳಿಸುವ ಪುಡಿ, ಕಷಾಯಗಳನ್ನು ಕೊಡುವುದು ಅಪಾಯಕಾರಿ. ಬೆಳೆಯುವ ಮಗುವಿನ ತೂಕವನ್ನು ಇಳಿಸಬೇಕಾದ ಸಂದರ್ಭ ಕಡಿಮೆ. ತೂಕವನ್ನು ಇದ್ದಲ್ಲಿಯೇ ನಿಲ್ಲಿಸಿದರೆ ಎತ್ತರ ಬೆಳೆದಂತೆ ಅನುಪಾತ ತಾನಾಗಿ ಸರಿಹೊಂದುತ್ತದೆ. ಅಧಿಕ ತೂಕದ ಮಗುವಿಗೆ ರಕ್ತಹೀನತೆ ಇರಲಾರದು ಎಂದು ಭಾವಿಸುವುದೂ ತಪ್ಪು. ರಾಜ್ಯದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳು ರಕ್ತಹೀನತೆಯುಳ್ಳವರೆಂದು 2019-21ರ ಸಮೀಕ್ಷೆ ತೋರಿಸಿದೆ. ಹೊಟ್ಟೆ ತುಂಬ ಅನ್ನ ಉಂಡರೂ ಕಬ್ಬಿಣಾಂಶ ಸಿಗದಿರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ನೀಡುವ ಕಬ್ಬಿಣಾಂಶದ ಮಾತ್ರೆಯನ್ನು ನಿಲ್ಲಿಸಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಹತ್ತು, ಹನ್ನೆರಡು ವರ್ಷದ ಬಾಲಕಿಯ ದೇಹದಲ್ಲಿ ಪ್ರಾಯಕ್ಕೆ ಮುನ್ನ ಸ್ವಲ್ಪ ಕೊಬ್ಬು ಸೇರುವುದು ಸಹಜ. ಆ ವಯಸ್ಸಿನಲ್ಲಿ ನೆಂಟರಿಷ್ಟರ ಹಾಸ್ಯಕ್ಕೆ ಗುರಿಯಾಗಿ ಹಾಲು, ಮೊಟ್ಟೆಗಳನ್ನು ಬಿಟ್ಟ ಹುಡುಗಿ ಮುಂದೆ ರಕ್ತಹೀನತೆಯ ತಾಯಿಯಾಗುವ ಸಂಭವವಿರುತ್ತದೆ. ಮನೆಯಲ್ಲಿ ಒಬ್ಬ ಮಗುವಿಗೆ ಮಾತ್ರ ಬೇರೆ ಊಟವೆಂಬ ಭೇದ ಮಾಡದೆ, ಎಲ್ಲರ ತಟ್ಟೆಯೂ ಒಂದೇ ರೀತಿ ಬದಲಾಗುವುದು ಯುಕ್ತ. ದೊಡ್ಡವರಿಗೂ ಅದರಿಂದ ನಷ್ಟವೇನಿಲ್ಲ.

ಕೆಳಕಂಡ ಚಿಹ್ನೆಗಳಿದ್ದಲ್ಲಿ ಮನೆಯಲ್ಲಿ ಕಾಯದೆ ವೈದ್ಯರನ್ನು ಕಾಣಬೇಕು. ಕತ್ತಿನ ಹಿಂಭಾಗ, ಕಂಕುಳಿನ ಚರ್ಮ ಕಪ್ಪಾಗಿ ದಪ್ಪವಾಗುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆಯಾಗಿರಬಹುದು. ಕೊಳೆಯೆಂದು ತಿಳಿದು ಅದನ್ನು ಉಜ್ಜಿ ತೊಳೆಯುವವರೇ ಹೆಚ್ಚು. ನಿದ್ರೆಯಲ್ಲಿ ಜೋರಾಗಿ ಗೊರಕೆ, ಆಟವಾಡುವಾಗ ಮೊಣಕಾಲು ಅಥವಾ ಸೊಂಟದ ನೋವು, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರವಿಸರ್ಜನೆ ಇತರ ಚಿಹ್ನೆಗಳು. ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತುಹೋಗಿದ್ದರೆ ಥೈರಾಯ್ಡ್ ಮುಂತಾದ ಗ್ರಂಥಿಗಳ ದೋಷವಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಆಟ ಮತ್ತು ನಿದ್ರೆ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತಹ ಆಟ ಅಥವಾ ಚಟುವಟಿಕೆ ಬೇಕು. ಕಬಡ್ಡಿ, ಖೋ ಖೋ, ಕುಂಟೆಬಿಲ್ಲೆ, ಸೈಕಲ್ಲು ಯಾವುದಾದರೂ ಆದೀತು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ಪರದೆ ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಶಾಲಾ ಮಕ್ಕಳಿಗೆ ರಾತ್ರಿ ಒಂಬತ್ತು ಗಂಟೆಯಷ್ಟಾದರೂ ನಿದ್ರೆ ಇರಲಿ.

ಸೇವೆಗಳನ್ನು ಪಡೆಯುವ ವಿಧಾನ

ಆರು ವರ್ಷದೊಳಗಿನ ಮಕ್ಕಳನ್ನು ವಾಸಸ್ಥಳಕ್ಕೆ ಹತ್ತಿರದ ಅಂಗನವಾಡಿ ಕೇಂದ್ರದಲ್ಲಿ ನೋಂದಾಯಿಸಬಹುದು. ನೋಂದಣಿಗೆ ಶುಲ್ಕವಿಲ್ಲ. ತಾಯಿ ಕಾರ್ಡನ್ನು ತಪ್ಪದೆ ತರಬೇಕು. ಹಿಂದಿನ ತೂಕಗಳ ದಾಖಲೆ ಇಲ್ಲದೆ ಒಂದು ದಿನದ ತೂಕದಿಂದ ಹೆಚ್ಚೇನೂ ತಿಳಿಯುವುದಿಲ್ಲ. ತೂಕ ಮಾಡಿಸುವಾಗ ಮಗುವಿನ ಚಪ್ಪಲಿ, ದಪ್ಪ ಬಟ್ಟೆಗಳನ್ನು ತೆಗೆಯಬೇಕು. ವಲಸೆ ಬಂದ ಕುಟುಂಬಗಳ ಮಕ್ಕಳೂ ಈ ಸೇವೆಗೆ ಅರ್ಹರು. ಅಂಗನವಾಡಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ ಅರ್ಜಿ ಸಲ್ಲಿಸಬಹುದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (2013ರಿಂದ ಜಾರಿ) ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ ಮಕ್ಕಳ ತಪಾಸಣೆ ನಡೆಸುತ್ತವೆ. ತಂಡ ಬರುವ ದಿನಾಂಕವನ್ನು ಶಾಲೆಯಲ್ಲಿ ಕೇಳಿ ತಿಳಿದು, ಆ ದಿನ ಮಗು ಗೈರುಹಾಜರಾಗದಂತೆ ನೋಡಿಕೊಳ್ಳಬೇಕು. ತಂಡದ ವೈದ್ಯರು ಸೂಚನಾ ಚೀಟಿ ನೀಡಿದಲ್ಲಿ ಅದರೊಂದಿಗೆ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಮಕ್ಕಳ ತಜ್ಞರನ್ನು, ಅಗತ್ಯಬಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸುವುದು. 10ರಿಂದ 19 ವರ್ಷದವರು ತೂಕ, ಆಹಾರ, ಮುಟ್ಟಿನ ತೊಂದರೆ ಮುಂತಾದ ವಿಷಯಗಳ ಬಗ್ಗೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರೊಂದಿಗೆ ಮಾತನಾಡಬಹುದು. ಅಲ್ಲಿ ಹೇಳಿಕೊಂಡ ವಿಷಯವನ್ನು ಗೋಪ್ಯವಾಗಿ ಇಡಲಾಗುತ್ತದೆ.

ಊಟದ ಅಳತೆಯನ್ನು ಬದಲಿಸಿದ ಮನೆಗಳು ಮೂರು ತಿಂಗಳ ನಂತರ ಅದೇ ಕೇಂದ್ರದಲ್ಲಿ, ಅದೇ ತಕ್ಕಡಿಯಲ್ಲಿ ಮಗುವಿನ ತೂಕ ಮತ್ತು ಎತ್ತರವನ್ನು ಮತ್ತೊಮ್ಮೆ ಅಳೆಯಿಸಿ ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಬೇಕು. ನಡುವೆ ವಾರವಾರವೂ ತೂಗುವ ಅವಶ್ಯಕತೆಯಿಲ್ಲ.